‘ಸೂನ್’ ಎಂದರೆ ಯಾವಾಗ?

ನಮ್ಮ ನೋಟಿಸ್ ಬೋರ್ಡಿನಲ್ಲಿ ಒಂದು ಇಂಗ್ಲಿಷ್ ಪದ ವರ್ಷಪೂರ್ತಿ ಇರುತ್ತದೆ: ‘ಸೂನ್’. ಲೈಬ್ರರಿಗೆ ಹೊಸ ಪುಸ್ತಕ ಸೂನ್, ಗುರುತಿನ ಚೀಟಿ ಸೂನ್, ಕಿರುಪರೀಕ್ಷೆಯ ಅಂಕ ಸೂನ್. ಈ ಪದ ಎಲ್ಲಿಂದ ಬಂತು ಎಂದು ನಿಘಂಟು ತೆರೆದು ನೋಡಿದೆ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ಅದು ‘ಸೋನಾ’ ಆಗಿತ್ತು. ಆಗ ಅದರ ಅರ್ಥ ‘ಇನ್ನು ಸ್ವಲ್ಪ ದಿನದಲ್ಲಿ’ ಎಂದಲ್ಲ, ‘ಈಗಿಂದೀಗಲೇ’ ಎಂದು!

ಪದ ಕೆಟ್ಟದ್ದು ಹೇಗೆ? ‘ಈಗಲೇ ಮಾಡುತ್ತೇನೆ’ ಎಂದವರು ಮಾಡಲಿಲ್ಲ. ಕೇಳಿದವರು ಕಾದು ಕಾದು, ಆ ಮಾತಿಗೆ ‘ಆಮೇಲೆ’ ಎಂದೇ ಅರ್ಥ ಹಿಡಿದರು. ‘ಪ್ರೆಸೆಂಟ್ಲಿ’ ಪದಕ್ಕೂ ಇದೇ ಗತಿಯಾಯಿತು. ‘ಅನಾನ್’ ಎಂಬ ಇನ್ನೊಂದು ಪದವಿದೆ, ಅದೂ ಮೊದಲು ‘ತಕ್ಷಣ’ವೇ. 1598ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ ‘ನಾಲ್ಕನೆಯ ಹೆನ್ರಿ’ ಮೊದಲ ಭಾಗದಲ್ಲಿ ಫ್ರಾನ್ಸಿಸ್ ಎಂಬ ಪಾನಗೃಹದ ಹುಡುಗನನ್ನು ರಾಜಕುಮಾರ ಮಾತಿನಲ್ಲಿ ಹಿಡಿದಿಟ್ಟಿರುತ್ತಾನೆ. ಅವನ ಗೆಳೆಯ ಇನ್ನೊಂದು ಕೋಣೆಯಿಂದ ಕೂಗುತ್ತಲೇ ಇರುತ್ತಾನೆ. ಪಾಪ, ಹುಡುಗ ‘ಅನಾನ್’ ‘ಅನಾನ್’ ಎನ್ನುತ್ತಾ ನಿಂತಲ್ಲೇ ನಿಲ್ಲುತ್ತಾನೆ. ಓದಿ ನಗು ಬಂತು. ನಮ್ಮ ಮನೆಯಲ್ಲೂ ‘ಅಬ್ಬಿ ಆತೂಂ’ ಎಂದು ಹೊರಟ ಭಾಯಿ ಮಗ್ರಿಬ್ ಆದಮೇಲೆಯೇ ಮುಖ ತೋರಿಸುವುದು.

ಆದರೆ ಎಲ್ಲ ಕಡೆ ನಗಲಾಗುವುದಿಲ್ಲ. ಕಳೆದ ವರ್ಷ ಸ್ಕಾಲರ್‌ಶಿಪ್ ಅರ್ಜಿಗೆ ಆದಾಯ ಪ್ರಮಾಣಪತ್ರ ಬೇಕಿತ್ತು. ಒಂದು ಕಚೇರಿಗೆ ಅಬ್ಬಾ ನಾಲ್ಕು ಸಲ ಕೂಲಿ ಬಿಟ್ಟು ಹೋದರು. ನಾಲ್ಕು ಸಲವೂ ‘ಬೇಗ ಆಗುತ್ತೆ’ ಎಂಬ ಉತ್ತರ. ಪತ್ರ ಕೈಗೆ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಮುಗಿದಿತ್ತು. ‘ಇಪ್ಪತ್ತು ದಿನ ಆಗುತ್ತೆ’ ಎಂದು ಮೊದಲೇ ಹೇಳಿದ್ದರೆ ಅಬ್ಬಾ ಬೇರೆ ದಾರಿ ನೋಡುತ್ತಿದ್ದರು, ಮೂರು ದಿನದ ಕೂಲಿಯಾದರೂ ಉಳಿಯುತ್ತಿತ್ತು.

ಅದಕ್ಕೇ ನನ್ನ ವಿನಂತಿ: ನೋಟಿಸಿನಲ್ಲಿ ‘ಸೂನ್’ ಬದಲು ತಾರೀಖು ಬರೆಯಿರಿ. ತಾರೀಖು ತಪ್ಪಿದರೆ ಹೊಡೆದುಹಾಕಿ ಹೊಸದು ಬರೆಯಿರಿ, ಯಾರೂ ಬೇಸರಪಡುವುದಿಲ್ಲ. ತಾರೀಖೇ ಗೊತ್ತಿಲ್ಲದಿದ್ದರೆ ‘ಇನ್ನೂ ಗೊತ್ತಾಗಿಲ್ಲ’ ಎಂದು ಬರೆದರೂ ಸಾಕು, ಹಳ್ಳಿಯಿಂದ ಬಸ್ಸಿನಲ್ಲಿ ಬರುವವರು ಸುಮ್ಮನೆ ಬರುವುದಾದರೂ ತಪ್ಪುತ್ತದೆ.

ಮೇಷ್ಟ್ರುಗಳನ್ನಷ್ಟೇ ದೂರುತ್ತಿದ್ದೇನೆ ಎಂದುಕೊಳ್ಳಬೇಡಿ. ‘ಸೂನ್ ಕೊಡ್ತೀನಿ ಸರ್’ ಎಂದು ನಾವು ಹೇಳುವುದೂ ಅಂಥದ್ದೇ. ನನ್ನ ಫಿಸಿಕ್ಸ್ ರೆಕಾರ್ಡಿನಲ್ಲಿ ಇನ್ನೂ ಎರಡು ಪ್ರಯೋಗ ಬರೆಯುವುದಿದೆ. ಸೋಮವಾರ, ಮೊದಲನೇ ಪೀರಿಯಡ್‌ಗೆ ತರುತ್ತೇನೆ ಸರ್.