ನಕ್ಷೆ ಮುಗಿದ ಮೇಲೆ

ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರರಸ ಒಡೆಯನ ಶಾಸನವು ಅದನ್ನು ‘ತ್ರಿಭುವನತಿಲಕ ಜಿನಚೈತ್ಯಾಲಯ’ವೆಂದು ಕರೆಯುತ್ತದೆ. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು, ಅರ, ಮಲ್ಲಿ, ಮುನಿಸುವ್ರತರ ನಿಂತ ಬಿಂಬಗಳು, ಕಗ್ಗಲ್ಲಿನ ಕಂಬಗಳ ಸಾಲು: ಇವನ್ನು ಬಣ್ಣಿಸದ ಪುಸ್ತಕವಿಲ್ಲ. ಅಷ್ಟಾಗಿ ಗಮನ ಸೆಳೆಯದಿರುವುದು ಆ ಶಾಸನದ ದತ್ತಿಯ ಭಾಗ. ಪೂಜೆ ನಿಲ್ಲದೆ ನಡೆಯುವುದಕ್ಕೆ ಯಾವ ಭೂಮಿಯ ಉತ್ಪತ್ತಿ ಸಲ್ಲಬೇಕು, ಸೇವೆ ಯಾರದು ಎಂಬುದನ್ನೂ ಅರಸ ಕಲ್ಲಿನಲ್ಲೇ ಬರೆಸಿದ್ದಾನೆ. ಕಟ್ಟಿದ ನಂತರದ ನೂರಾರು ವರ್ಷಗಳ ಚಿಂತೆಯೂ ಕಟ್ಟಡದ ಭಾಗವೆಂದೇ ಆತ ತಿಳಿದಿದ್ದನೆಂದು ತೋರುತ್ತದೆ.

ಮಣಿಪಾಲದ ವಾಸ್ತುಶಿಲ್ಪ ಮತ್ತು ವಿನ್ಯಾಸದ ವಿದ್ಯಾರ್ಥಿಗಳು ಇಂದು ತರಗತಿಯ ಆಚೆ ಉಡುಪಿಯ ಬೀದಿಗಳಿಗೆ, ಕಾಪುವಿನ ಕಡಲತಡಿಗೆ, ಕಾರ್ಕಳದ ಹಳೆಯ ಮನೆಗಳಿಗೆ ಬಂದು ಕೆಲಸ ಮಾಡುತ್ತಿರುವುದು ಮೆಚ್ಚತಕ್ಕ ಸಂಗತಿ. ಜನರಿಲ್ಲದ ಕಟ್ಟಡವನ್ನು ಕಾಗದದ ಮೇಲೆ ಕಲಿತವನಿಗಿಂತ, ಅಜ್ಜಿಯೊಬ್ಬಳು ಅಟ್ಟದ ಏಣಿ ಹತ್ತಲಾರದೆ ನಿಂತುದನ್ನು ಕಂಡವನು ಒಳ್ಳೆಯ ವಾಸ್ತುಶಿಲ್ಪಿಯಾಗುವ ಸಂಭವ ಹೆಚ್ಚು. ಆದರೆ ಇಂಥ ಯೋಜನೆಗಳಿಗೆ ಎಲ್ಲೆಡೆಯೂ ಒಂದು ಮಿತಿಯಿದೆ. ಅವುಗಳ ಆಯುಷ್ಯ ಒಂದು ಸೆಮಿಸ್ಟರ್. ಅಳತೆ, ನಕ್ಷೆ, ಪರೀಕ್ಷಕರ ಮುಂದೆ ಮಂಡನೆ, ಅಂಕ, ಅಲ್ಲಿಗೆ ಮುಗಿಯಿತು.

ಕಾಪುವಿನ ಉದಾಹರಣೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆಗ ಕಡಲಿಗಿಳಿಯುವುದು ನಾಡದೋಣಿಗಳು. ಆ ಎರಡು ತಿಂಗಳ ದಡವೇ ಬೇರೆ. ಜನವರಿಯ ಬಿಸಿಲಿನಲ್ಲಿ ಅಳೆದು ಮೇ ತಿಂಗಳಲ್ಲಿ ಮಂಡಿಸಿದ ನಕ್ಷೆಗೆ ಮಳೆಗಾಲದ ಅಲೆ ಎಲ್ಲಿಯವರೆಗೆ ಬರುತ್ತದೆಂಬುದು ಗೊತ್ತಿರುವುದಿಲ್ಲ. ಅದು ಮೀನುಗಾರರಿಗೆ ಗೊತ್ತು. ಆದರೆ ಅವರ ಒಪ್ಪಿಗೆಗೆ ಅಂಕಪಟ್ಟಿಯಲ್ಲಿ ಸ್ಥಳವಿಲ್ಲ.

ಇದಕ್ಕೆ ಭಿನ್ನವಾದ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಮಣಿಪಾಲದಲ್ಲಿಯೇ ಇದೆ. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈಯವರು ವಾಸ್ತುಶಿಲ್ಪಿಯಲ್ಲ, ಬ್ಯಾಂಕ್ ನೌಕರರಾಗಿದ್ದವರು. ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಪಡೆದು, ಕಂಬ, ತೊಲೆ, ಬಾಗಿಲುಗಳಿಗೆಲ್ಲ ಗುರುತು ಹಾಕಿ, ಕಳಚಿ ತಂದು ಮರಳಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ, ಹರ್ಕೂರಿನ ಒಳಗಿನ ಮನೆ, ಕಾರ್ಕಳದ ಬಳಿಯ ಮಿಯಾರಿನ ಮನೆ ಇಂದಿಗೂ ನೋಡಲು ಸಿಗುವುದು ಹಸ್ತಶಿಲ್ಪದ ಆ ಆವರಣದಲ್ಲಿ. ತನ್ನ ನೆಲದಿಂದ ಕಿತ್ತ ಮನೆ ಮನೆಯೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಗದ್ದೆಯಿಲ್ಲದ, ದೈವವಿಲ್ಲದ, ಒಲೆ ಉರಿಯದ ಮನೆ ಅದು. ಆದರೂ ಅವರ ಟಿಪ್ಪಣಿಗೂ ವಿದ್ಯಾರ್ಥಿಯ ನಕ್ಷೆಗೂ ಇರುವ ಅಂತರ ಸಣ್ಣದಲ್ಲ. ಒಂದು ಗುರುತು ತಪ್ಪಿದರೆ ತೊಲೆ ಕೂರುತ್ತಿರಲಿಲ್ಲ. ಆ ಬಗೆಯ ಹೊಣೆಯಲ್ಲಿ ಕಲಿಯುವುದೇ ಬೇರೆ.

ಹೊರಗಿನದೊಂದು ನಿದರ್ಶನವೂ ಇದೆ. ಅಮೆರಿಕದ ಅಲಬಾಮಾದಲ್ಲಿ ಆಬರ್ನ್ ವಿಶ್ವವಿದ್ಯಾಲಯದ ‘ರೂರಲ್ ಸ್ಟುಡಿಯೋ’ವನ್ನು ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ.ಕೆ. ರೂತ್ 1993ರಲ್ಲಿ ಆರಂಭಿಸಿದರು. ಅಂದಿನಿಂದ ಅದರ ವಿದ್ಯಾರ್ಥಿಗಳು ಬದಲಾಗುತ್ತ ಬಂದಿದ್ದಾರೆ. ಅದು ಕೆಲಸ ಮಾಡುವ ಹೇಲ್ ಕೌಂಟಿಯ ಬಡಜನರ ಸೀಮೆ ಬದಲಾಗಿಲ್ಲ. ಹಿಂದಿನ ತಂಡ ಕಟ್ಟಿದ ಮನೆ ಸೋರಿದರೆ ಅದನ್ನು ಕಾಣುವುದಕ್ಕೆ ಮುಂದಿನ ತಂಡ ಅಲ್ಲಿಯೇ ಇರುತ್ತದೆ. ವರ್ಷಕ್ಕೊಂದು ಹೊಸ ಊರನ್ನು ಹುಡುಕುವ ಬದಲು ಕಾಪುವಿನ ಒಂದೇ ತಡಿಗೆ ಹತ್ತು ವರ್ಷ ಹೋದರೆ ಆಗುವ ಲಾಭ ಇಂಥದು.

ವಿದ್ಯಾರ್ಥಿಗಳು ಕಲಿಯಲು ಬಂದವರು, ಊರುದ್ಧಾರ ಅವರ ಕರ್ತವ್ಯವಲ್ಲ ಎಂಬ ಮಾತು ಸರಿಯೇ. ಆ ಕಾರಣದಿಂದಲೇ ಈ ಹೊಣೆ ಸಂಸ್ಥೆಗಳದು. ನಕ್ಷೆಯ ಒಂದು ಪ್ರತಿ ಮನೆಯವರಿಗೂ ಇನ್ನೊಂದು ಗ್ರಾಮ ಪಂಚಾಯತಿಗೂ ಸಲ್ಲದೆ ಅಂಕ ನೀಡಬಾರದು ಎಂಬ ನಿಯಮಕ್ಕೆ ಖರ್ಚೇನೂ ಇಲ್ಲ.

ಆ ಪ್ರತಿ ಯಾವ ಭಾಷೆಯಲ್ಲಿರಬೇಕು? ಕನ್ನಡ ವಿಭಾಗಗಳು ಇಲ್ಲಿಯವರೆಗೆ ಈ ಪ್ರಶ್ನೆಯನ್ನು ತಮ್ಮದೆಂದು ಭಾವಿಸಿದಂತಿಲ್ಲ. ಗುತ್ತಿನ ಮನೆಯ ಚಾವಡಿ ನೆಂಟರು ಕೂರುವ ಕೋಣೆಯಷ್ಟೇ ಅಲ್ಲ, ಊರಿನ ನ್ಯಾಯತೀರ್ಮಾನ ನಡೆಯುತ್ತಿದ್ದ ಸ್ಥಳ. ಅಂಗಳವು ಭತ್ತ ಬಡಿಯುವ ದಿನ ಕಣ, ಕೋಲದ ರಾತ್ರಿ ರಂಗ. ಚಾವಡಿಯನ್ನು ‘ಲಿವಿಂಗ್ ರೂಮ್’, ಅಂಗಳವನ್ನು ‘ಕೋರ್ಟ್‌ಯಾರ್ಡ್’ ಎಂದು ಬರೆದ ನಕ್ಷೆಯಲ್ಲಿ ಅಳತೆ ಸರಿಯಿರುತ್ತದೆ. ಮನೆ ಮಾತ್ರ ತಪ್ಪಿರುತ್ತದೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರೊಳಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ಆಡುಮಾತಿನ ಆ ಪದರಾಶಿ ಒಂದು ಕಡೆ, ವಿದ್ಯಾರ್ಥಿಗಳ ನಕ್ಷೆಗಳು ಮತ್ತೊಂದು ಕಡೆ ಉಳಿದಿವೆ. ನಡುವಿನ ದಾರಿ ಕೆಲವೇ ಕಿಲೋಮೀಟರು. ಅಳತೆ ಪಟ್ಟಿ ಹಿಡಿದವನ ಜೊತೆಗೆ ಪದ ಬರೆದುಕೊಳ್ಳುವ ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಹೋಗಲಿ. ತೊಲೆ, ಮುಚ್ಚಿಗೆ, ಕಿಂಡಿಗಳ ಹೆಸರು ಬಲ್ಲ ಹಿರಿಯ ಬಡಗಿಗಳು ಅಲ್ಲೊಬ್ಬ ಇಲ್ಲೊಬ್ಬರಂತೆ ಇನ್ನೂ ಇದ್ದಾರೆ. ಮುಂದಿನ ಸೆಮಿಸ್ಟರಿಗೆ ಅವರ ಮನೆಯ ಜಗಲಿಯಿಂದಲೇ ಕೆಲಸ ಆರಂಭವಾಗಬಹುದು.