ಎಣಿಸಿದ ಗುಂಡು, ಎಣಿಸದ ಗುಂಡು

ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯನ್ನು ನಿರ್ಮಿಸಿದವರು ಅದನ್ನು ಎರಡು ಭಾಗಗಳಾಗಿ ವಿಂಗಡಿಸಿಕೊಂಡರು: ಬೆಂಗಳೂರಿನಿಂದ ನಿಡಘಟ್ಟದವರೆಗಿನ 56 ಕಿಲೋಮೀಟರು ಒಂದು, ಅಲ್ಲಿಂದ ಮೈಸೂರಿನವರೆಗಿನ 61 ಕಿಲೋಮೀಟರು ಇನ್ನೊಂದು. ಹೀಗೆ ಮದ್ದೂರು ತಾಲ್ಲೂಕಿನ ಒಂದು ಗ್ರಾಮವು ಸರ್ಕಾರದ ದಾಖಲೆಗಳಲ್ಲಿ ಗಡಿಗಲ್ಲಾಯಿತು. ಆ ನಿಡಘಟ್ಟದಿಂದ ಬೆಂಗಳೂರಿನ ದಿಕ್ಕಿಗೆ ಹೊರಟು ಚನ್ನಪಟ್ಟಣವನ್ನು ದಾಟಿದವನಿಗೆ ಗಂಟೆಯೊಳಗಾಗಿ ರಾಮನಗರದ ಹೆಬ್ಬಂಡೆಗಳು ಕಾಣಿಸುವುವು. ಶ್ರೀರಾಮನ ಹೆಸರನ್ನು ಹೊತ್ತ ಆ ಬೆಟ್ಟವನ್ನು ಇಂದಿನ ತರುಣರು ‘ಶೋಲೆ ಬೆಟ್ಟ’ವೆಂದೇ ಕರೆಯುತ್ತಾರೆ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರು ಅದರ ತಪ್ಪಲಲ್ಲಿ ರಾಮಗಢವೆಂಬ ಕಲ್ಪಿತ ಗ್ರಾಮವನ್ನು ನಿಲ್ಲಿಸಿ ಚಿತ್ರೀಕರಣವನ್ನಾರಂಭಿಸಿದರು. 1975ರ ಆಗಸ್ಟ್ 15ರಂದು ‘ಶೋಲೆ’ ತೆರೆಯನ್ನೇರಿತು. ಅಮೆರಿಕೆಯ ಪಶ್ಚಿಮ ಪ್ರಾಂತದ ಬಂದೂಕುಗಾರರ ಕಥೆಗಳು ಭಾರತೀಯ ವೇಷವನ್ನು ತೊಟ್ಟದ್ದು ಹೀಗೆ ಕನ್ನಡ ನಾಡಿನ ಬಂಡೆಗಳ ನಡುವೆ.

2025ರಲ್ಲಿ ಆ ಚಿತ್ರಕ್ಕೆ ಐವತ್ತು ವರ್ಷ ತುಂಬಿತು. ಅದರ ಮೂಲ ಮುಕ್ತಾಯವನ್ನು ಮರಳಿ ಜೋಡಿಸಿ ಇಟಲಿಯ ಬೊಲೋನ್ಯ ನಗರದ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದರು. ಇಂತಹ ಚಿತ್ರಗಳ ಮಾತು ಬಂದಾಗಲೆಲ್ಲ ವಿದ್ಯಾವಂತರ ಮನೆಗಳಲ್ಲಿ ಎರಡು ಪಕ್ಷಗಳು ಏಳುವುದುಂಟು. ಗುಂಡಿನ ಕಾಳಗವನ್ನು ಮಕ್ಕಳಿಗೆ ತೋರಿಸುವುದೇ ಪಾಪ, ಅದರಲ್ಲಿ ರಸವೆಲ್ಲಿಯದು ಎಂದು ಹಿರಿಯರು ಹೇಳುವರು. ಗುಂಡು ಹೆಚ್ಚಿದಷ್ಟೂ ವೀರವು ಹೆಚ್ಚುವುದು, ಹಳೆಯ ಚಿತ್ರಗಳು ಸಪ್ಪೆ ಎಂದು ಕಿರಿಯರು ಹೇಳುವರು. ಈ ಎರಡು ಮಾತುಗಳೂ ಸಾಧುವಲ್ಲ. ಎರಡಕ್ಕೂ ಮೂಲ ಒಂದೇ ತಪ್ಪು: ಕಾಳಗವೆಂದರೆ ಸದ್ದು ಎಂದು ಭಾವಿಸಿರುವುದು.

ಮೊದಲಿಗೆ ಹಿರಿಯರ ಪಕ್ಷ. ಇವರಿಗೆ ಭರತಮುನಿಯ ಬೆಂಬಲವುಂಟೆಂದು ಮೇಲುನೋಟಕ್ಕೆ ತೋರೀತು. ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ, ಇವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಲಾಗದು, ಪ್ರವೇಶಕದಿಂದ ಸೂಚಿಸತಕ್ಕದ್ದು ಎಂದು ನಾಟ್ಯಶಾಸ್ತ್ರವು ವಿಧಿಸಿರುವುದು ನಿಜ. ಆದರೆ ಯುದ್ಧವು ಕಾವ್ಯಕ್ಕೆ ಅಯೋಗ್ಯವೆಂದು ಮುನಿಯು ಎಲ್ಲಿಯೂ ಹೇಳಲಿಲ್ಲ. ಹಾಗಿದ್ದರೆ ವೀರರೌದ್ರಗಳನ್ನು ರಸಗಳ ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ. ಭಾಸನ ‘ಊರುಭಂಗ’ವನ್ನು ನೋಡಬಹುದು. ಭೀಮದುರ್ಯೋಧನರ ಗದಾಯುದ್ಧವನ್ನು ಅಲ್ಲಿ ಮೂವರು ಭಟರು ವರ್ಣಿಸುತ್ತಾರೆ, ಪ್ರೇಕ್ಷಕನು ಅದನ್ನು ಕಾಣುವುದಿಲ್ಲ. ಆದರೆ ತೊಡೆ ಮುರಿದ ಕುರುರಾಜನು ನೆಲದ ಮೇಲೆ ತೆವಳುತ್ತ ಬರುವುದನ್ನೂ, ಅವನ ಎಳೆಯ ಮಗನು ತೊಡೆಯೇರಲು ಬಂದಾಗ ಆ ತಂದೆಯು ಪಡುವ ವ್ಯಥೆಯನ್ನೂ, ಕಡೆಗೆ ಅವನ ಮರಣವನ್ನೂ ಕಣ್ಣಾರೆ ಕಾಣುತ್ತಾನೆ. ಹೊಡೆತವನ್ನು ಮರೆಮಾಡಿ ಹೊಡೆತದ ಬೆಲೆಯನ್ನು ರಂಗಕ್ಕೆ ತಂದನು ಭಾಸ. ಕಾಳಗದ ಕಥೆಗೆ ಇದಕ್ಕಿಂತ ದೊಡ್ಡ ಒರೆಗಲ್ಲು ಬೇಕಿಲ್ಲ.

ಈ ಒರೆಗಲ್ಲಿಗೆ ಪಶ್ಚಿಮದವರ ಉತ್ತಮ ಚಿತ್ರಗಳನ್ನು ತಿಕ್ಕಿ ನೋಡಬೇಕು. ಆ ಕಥೆಗಳಿಗೆಲ್ಲ ಮೂಲಮಾದರಿಯಂತಾದ ಒಂದು ನಿಜವಾದ ಕಾಳಗವು 1881ರ ಅಕ್ಟೋಬರ್ 26ರಂದು ಅರಿಜೋನದ ಟೂಂಬ್‌ಸ್ಟನ್ ಎಂಬಲ್ಲಿ ನಡೆಯಿತು. ಅದು ನಡೆದದ್ದು ಸುಮಾರು ಅರ್ಧ ನಿಮಿಷ, ಹಾರಿದ ಗುಂಡುಗಳು ಸುಮಾರು ಮೂವತ್ತು, ಸತ್ತವರು ಮೂವರು. ಅರ್ಧ ನಿಮಿಷದ ಈ ಘಟನೆಯ ಮೇಲೆ ಮುಂದಿನವರು ಗಂಟೆಗಟ್ಟಲೆಯ ಚಿತ್ರಗಳನ್ನು ಕಟ್ಟಿದರೆಂದರೆ, ಅವರ ಬಂಡವಾಳವು ಗುಂಡಲ್ಲ, ಗುಂಡಿನ ಹಿಂದುಮುಂದಿನ ಕಾಲವೆಂಬುದು ಸ್ಪಷ್ಟ. 1952ರಲ್ಲಿ ಫ್ರೆಡ್ ಜಿನ್ನೆಮನ್ನರು ತೆಗೆದ ‘ಹೈ ನೂನ್’ನಲ್ಲಿ ನಡುಹಗಲಿನ ರೈಲಿಗೆ ಬರುವ ವೈರಿಗಾಗಿ ಒಬ್ಬ ಅಧಿಕಾರಿಯು ಕಾಯುತ್ತಾನೆ. ಗೋಡೆಯ ಗಡಿಯಾರವು ನಡೆಯುತ್ತದೆ. ಊರವರು ಒಬ್ಬೊಬ್ಬರಾಗಿ ಕದವಿಕ್ಕಿಕೊಳ್ಳುತ್ತಾರೆ. ಕಾಳಗಕ್ಕೆ ಉಳಿದದ್ದು ಕೊನೆಯ ಕೆಲವು ನಿಮಿಷ ಮಾತ್ರ. ಗೆದ್ದವನು ತನ್ನ ಅಧಿಕಾರದ ಬಿಲ್ಲೆಯನ್ನು ಕಿತ್ತು ಮಣ್ಣಿಗೆ ಎಸೆದು ಹೊರಟುಹೋಗುತ್ತಾನೆ. 1966ರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅಗ್ಲಿ’ಯಲ್ಲಿ ಸ್ಮಶಾನದ ನಡುವೆ ಮೂವರು ಎದುರುಬದುರಾಗಿ ನಿಂತು ನಿಮಿಷಗಟ್ಟಲೆ ಒಬ್ಬರ ಕಣ್ಣನ್ನೊಬ್ಬರು ನೋಡುತ್ತಾರೆ. ಕಡೆಗೆ ಸಾಯುವವನು ಒಬ್ಬನೇ. ಇನ್ನೊಬ್ಬನ ಪಿಸ್ತೂಲಿನಲ್ಲಿ ಗುಂಡೇ ಇರಲಿಲ್ಲವೆಂದು ಆಮೇಲೆ ತಿಳಿಯುತ್ತದೆ. ಲೋಕವು ಕೊಂಡಾಡುವ ಗುಂಡಿನ ಕಾಳಗಗಳಲ್ಲೊಂದು ಬರಿದಾದ ಪಿಸ್ತೂಲಿನ ಮೇಲೆ ನಿಂತಿರುವುದು ಯೋಚಿಸತಕ್ಕ ಸಂಗತಿ.

ರಾಮನಗರದ ಬಂಡೆಗಳ ನಡುವೆ ನಡೆದುದೂ ಇದೇ. ‘ಶೋಲೆ’ಯಲ್ಲಿ ಖಳನಾದ ಗಬ್ಬರನೂ ಗುಂಡುಗಳನ್ನು ಎಣಿಸುತ್ತಾನೆ. ಸೋತು ಬಂದ ಮೂವರು ಅನುಚರರ ಮುಂದೆ ಆರು ಗುಂಡಿನ ಪಿಸ್ತೂಲು ಹಿಡಿದು, ಮೂರನ್ನು ಆಕಾಶಕ್ಕೆ ಹಾರಿಸಿ, ಉಳಿದ ಮೂರನ್ನು ವಿಧಿಯ ಕೈಗೊಪ್ಪಿಸುತ್ತಾನೆ. ಬದುಕಿಕೊಂಡೆವೆಂದು ಅವರು ನಕ್ಕ ಮೇಲೆಯೇ ಸಾವು ಬರುವುದು. ಠಾಕೂರನ ಮನೆಯ ಎಳೆಯ ಮಗುವಿನ ಕೊಲೆಯನ್ನಂತೂ ಚಿತ್ರವು ತೋರಿಸುವುದೇ ಇಲ್ಲ. ಗುಂಡಿನ ಸದ್ದು ಕೇಳಿದೊಡನೆ ದೃಶ್ಯವು ರೈಲಿನ ಕಡೆಗೆ ತಿರುಗುತ್ತದೆ. ಭರತನ ವಿಧಿಯನ್ನು ಓದದವರೂ ಅದನ್ನು ಪಾಲಿಸಿದರು. ಸೇತುವೆಯ ಬಳಿಯ ಕಾಳಗದಲ್ಲಿ ಮದ್ದುಗುಂಡು ತೀರುತ್ತ ಬಂದಾಗ, ನಿಲ್ಲುವವನು ಯಾರು, ಹೋಗುವವನು ಯಾರು ಎಂಬುದನ್ನು ಜಯನು ನಾಣ್ಯದಿಂದ ತೀರ್ಮಾನಿಸುತ್ತಾನೆ. ಗೆಳೆಯನನ್ನು ಕಳುಹಿ ತಾನೊಬ್ಬನೇ ನಿಂತು, ಕಡೆಯ ಗುಂಡಿನಿಂದ ಸೇತುವೆಯನ್ನು ಸಿಡಿಸುತ್ತಾನೆ. ಅವನು ಸತ್ತ ಮೇಲೆ ಗೆಳೆಯನ ಕೈಗೆ ಆ ನಾಣ್ಯ ಸಿಗುತ್ತದೆ. ಅದರ ಎರಡು ಮೈಯೂ ಒಂದೇ. ತಾನೇ ಸಾಯಬೇಕೆಂದು ಅವನು ಮೊದಲೇ ನಿಶ್ಚಯಿಸಿದ್ದನೆಂಬ ಅರಿವು ಪ್ರೇಕ್ಷಕನಿಗೆ ಆಗ ಬರುವುದು. ಆ ಕ್ಷಣದಲ್ಲಿ ಬಂದೂಕಿನ ಕಥೆಯು ಸ್ನೇಹದ ಕಥೆಯಾಗಿ, ವೀರವು ಕರುಣದಲ್ಲಿ ಕರಗುತ್ತದೆ.

ಇದೆಲ್ಲ ಪರದೇಶದ ಅನುಕರಣವಲ್ಲವೇ ಎಂಬ ಆಕ್ಷೇಪವೊಂದುಂಟು. ಅನುಕರಣವು ಹೌದು. ಜಪಾನಿನ ಕುರೊಸಾವರ 1954ರ ‘ಸೆವೆನ್ ಸಮುರಾಯ್’ಯನ್ನು ಅಮೆರಿಕೆಯವರು 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ ಎಂದು ಮಾಡಿಕೊಂಡರು. ಕೂಲಿಯ ವೀರರು ಹಳ್ಳಿಯನ್ನು ಕಾಯುವ ಆ ಕಥೆಯೇ ರಾಮಗಢಕ್ಕೂ ಬಂತು. ವ್ಯಾಸರಿಂದ ಪಂಪನು ಪಡೆದನು. ಭಾರತದ ಕೊನೆಯ ಗದಾಯುದ್ಧವೊಂದನ್ನೇ ಹಿಡಿದು ರನ್ನನು ಒಂದು ಕಾವ್ಯವನ್ನೇ ರಚಿಸಿದನು. ಕಥೆಯನ್ನು ಎಲ್ಲಿಂದ ತಂದರೆಂಬುದರಲ್ಲಿ ದೋಷವಿಲ್ಲ. ತಂದು ಏನು ಮಾಡಿದರೆಂಬುದೇ ಪ್ರಶ್ನೆ.

ಇನ್ನು ಕಿರಿಯರ ಪಕ್ಷ. ಇವರು ಹೆಮ್ಮೆಯಿಂದ ಮುಂದೊಡ್ಡುವ ದೃಷ್ಟಾಂತ 2022ರ ‘ಕೆ.ಜಿ.ಎಫ್. ಚಾಪ್ಟರ್ 2’. ಕನ್ನಡದ ಚಿತ್ರವೊಂದು ದೇಶವನ್ನೆಲ್ಲ ಗೆದ್ದುದು ಸಂತೋಷದ ವಿಷಯವೇ ಸರಿ. ಅದನ್ನು ಅಲ್ಲಗಳೆಯುವವನು ಮತ್ಸರಿ. ಆದರೆ ಅದರಲ್ಲಿ ನಾಯಕನು ‘ದೊಡ್ಡಮ್ಮ’ನೆಂಬ ಮಹಾಯಂತ್ರದ ಬಂದೂಕಿನಿಂದ ಪೊಲೀಸು ಠಾಣೆಯ ಮೇಲೆ ಗುಂಡಿನ ಮಳೆಗರೆದು, ಕಾದು ಕೆಂಪಾದ ಅದರ ನಳಿಗೆಯಿಂದ ಸಿಗರೇಟು ಹೊತ್ತಿಸುವ ದೃಶ್ಯವನ್ನು ಪರೀಕ್ಷಿಸಬೇಕು. ಅಲ್ಲಿ ಎಷ್ಟು ಗುಂಡು ಹಾರಿತೆಂದು ಯಾರೂ ಎಣಿಸಲಾರರು, ಎಣಿಸಬೇಕಾಗಿಯೂ ಇಲ್ಲ. ಗುಂಡು ತೀರುವ ಭಯವಿಲ್ಲದ ಕಡೆ ಧೈರ್ಯಕ್ಕೆ ಅವಕಾಶವೆಲ್ಲಿ? ವೀರಕ್ಕೆ ಸ್ಥಾಯಿಯು ಉತ್ಸಾಹ, ರೌದ್ರಕ್ಕೆ ಕ್ರೋಧ. ಇವೆರಡೂ ಎದುರಾಳಿಯನ್ನು ಬೇಡುತ್ತವೆ. ಎದುರಾಳಿಯೇ ಇಲ್ಲದೆ ಗೋಡೆಗಳೂ ವಾಹನಗಳೂ ನುಚ್ಚುನೂರಾಗುವಲ್ಲಿ ಉಳಿಯುವುದು ಅದ್ಭುತದ ನೆರಳು ಮಾತ್ರ, ಜಾತ್ರೆಯ ಸಿಡಿಮದ್ದಿನಂತೆ. ಸಿಡಿಮದ್ದನ್ನು ನೋಡಿ ಮಕ್ಕಳು ನಲಿದರೆ ತಪ್ಪಿಲ್ಲ. ಅದನ್ನು ವೀರವೆಂದು ಅವರಿಗೆ ಕಲಿಸುವುದು ತಪ್ಪು.

‘ಶೋಲೆ’ಯ ಮುಕ್ತಾಯದ ವಿವಾದವೂ ಈ ಬೆಲೆಯ ಪ್ರಶ್ನೆಯೇ. ಗಬ್ಬರನು ಠಾಕೂರನ ಎರಡು ಕೈಗಳನ್ನೂ ಕಡಿದಿದ್ದಾನೆ. ಆದುದರಿಂದ ಕೊನೆಯ ದ್ವಂದ್ವದಲ್ಲಿ ಠಾಕೂರನು ಬಂದೂಕು ಹಿಡಿಯಲಾರ. ಬಂದೂಕುಗಳ ಕಥೆಯು ಬಂದೂಕಿಲ್ಲದ ಕಾಳಗದಲ್ಲಿ ಮುಗಿಯುತ್ತದೆ. ಮೊದಲು ತೆಗೆದ ದೃಶ್ಯದಲ್ಲಿ ಠಾಕೂರನು ಮೊಳೆ ಹೊಡೆದ ಪಾದರಕ್ಷೆಗಳಿಂದ ಗಬ್ಬರನನ್ನು ತುಳಿದು ಕೊಲ್ಲುತ್ತಾನೆ, ಕೊಂದ ಮೇಲೆ ಅಳುತ್ತಾನೆ. ತುರ್ತುಪರಿಸ್ಥಿತಿಯ 1975ರಲ್ಲಿ ಸೆನ್ಸಾರಿನವರು ಇದನ್ನು ಒಪ್ಪಲಿಲ್ಲ; ಪೊಲೀಸು ಅಧಿಕಾರಿಯಾಗಿದ್ದವನು ಕಾನೂನನ್ನು ಕೈಗೆತ್ತಿಕೊಳ್ಳುವುದು ಅನುಚಿತವೆಂದರು. ಪೊಲೀಸರು ಬಂದು ತಡೆಯುವಂತೆ ದೃಶ್ಯವನ್ನು ಮತ್ತೆ ತೆಗೆಯಲಾಯಿತು. ಕಾನೂನಿನ ಗೌರವವು ಹೀಗೆ ಉಳಿಯಿತೆಂದು ಅವರು ತಿಳಿದರು. ಆದದ್ದು ಬೇರೆ. ಕೊನೆಯ ಕ್ಷಣದವರೆಗೂ ಪ್ರತೀಕಾರವನ್ನು ಉಬ್ಬಿಸಿ, ಅದರ ಫಲವನ್ನು ಮಾತ್ರ ಮುಚ್ಚಿದಂತಾಯಿತು. ಐವತ್ತು ವರ್ಷ ಪ್ರೇಕ್ಷಕನು ಸೇಡು ಕೈತಪ್ಪಿತಲ್ಲಾ ಎಂಬ ಕೊರಗನ್ನು ಹೊತ್ತು ಮನೆಗೆ ಮರಳಿದನೇ ಹೊರತು, ಸೇಡು ತೀರಿದ ಮೇಲೆ ಬರಿದಾದ ಮನುಷ್ಯನನ್ನು ಕಾಣಲಿಲ್ಲ. ಭೀಮನು ನಿಯಮವನ್ನು ಮೀರಿ ತೊಡೆಗೆ ಹೊಡೆದುದನ್ನು ವ್ಯಾಸರು ಬಚ್ಚಿಡಲಿಲ್ಲ. ಬಲರಾಮನು ಕೆರಳಿ ನೇಗಿಲನ್ನೆತ್ತಿದುದನ್ನೂ ಹೇಳಿದರು. ಧರ್ಮವು ಉಳಿಯುವುದು ಅಧರ್ಮವನ್ನು ಮರೆಮಾಚುವುದರಿಂದಲ್ಲ, ಅದರ ಲೆಕ್ಕವನ್ನು ಒಪ್ಪಿಸುವುದರಿಂದ. ಮೂಲ ಮುಕ್ತಾಯವು ಮರಳಿ ಬಂದುದು ಈ ಕಾರಣಕ್ಕಾಗಿ ಸ್ವಾಗತಾರ್ಹ. ನಿರ್ದೇಶಕರ ಇಚ್ಛೆಯೆಂಬುದು ಎರಡನೆಯ ಮಾತು.

ಚಿತ್ರದ ಗುಂಡಿಗೆ ಇಷ್ಟೊಂದು ವಿಚಾರವೇಕೆಂದು ಕೇಳುವವರುಂಟು. ಮದ್ದೂರು ತಾಲ್ಲೂಕಿನವರು ಹೀಗೆ ಕೇಳಬಾರದು. 1938ರ ಏಪ್ರಿಲಿನಲ್ಲಿ ಇದೇ ತಾಲ್ಲೂಕಿನ ಶಿವಪುರದಲ್ಲಿ ಜನರು ನಿಷೇಧವನ್ನು ಲೆಕ್ಕಿಸದೆ ಬರಿಗೈಯಲ್ಲಿ ನಿಂತು ಧ್ವಜ ಸತ್ಯಾಗ್ರಹವನ್ನು ನಡೆಸಿದರು. ಅದೇ ತಿಂಗಳ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ, ಅದೇ ಧ್ವಜಕ್ಕಾಗಿ ನೆರೆದವರ ಮೇಲೆ ಪೊಲೀಸರ ಗುಂಡು ಹಾರಿತು, ಜನರು ಸತ್ತರು. ಆ ಗುಂಡುಗಳಿಗೆ ಹಿನ್ನೆಲೆಯ ಸಂಗೀತವಿರಲಿಲ್ಲ. ಗುಂಡೊಂದು ಮನೆಯೊಂದನ್ನು ಬರಿದು ಮಾಡುವುದೆಂಬುದನ್ನು ಕಂಡ ನಾಡಿದು. ಇಂತಹ ನಾಡಿನ ಮಕ್ಕಳು ಗುಂಡನ್ನು ಸಿಡಿಮದ್ದೆಂದು ತಿಳಿದು ಬೆಳೆಯುವುದಾದರೆ, ಕೆಡುವುದು ಬರಿಯ ರಸಾಭಿರುಚಿಯಲ್ಲ, ನೆನಪೂ ಕೆಡುವುದು.

ಆದುದರಿಂದ ಗೃಹಸ್ಥರು ಮಾಡಬೇಕಾದುದು ನಿಷೇಧವಲ್ಲ. ಕದವಿಕ್ಕಿದ ಮನೆಯ ಹುಡುಗನು ಪಕ್ಕದ ಮನೆಯಲ್ಲಿ ನೋಡುವನು, ಕೈಯಲ್ಲಿನ ದೂರವಾಣಿಯಲ್ಲಿ ನೋಡುವನು. ಅವನೊಡನೆ ಕುಳಿತು ತಾವೂ ನೋಡುವುದು ಲೇಸು. ಚಿತ್ರವು ಮುಗಿದ ಮೇಲೆ ಅವನನ್ನು ಕೇಳಬೇಕಾದ ಪ್ರಶ್ನೆಗಳು ಮೂರು. ಗುಂಡುಗಳು ಎಷ್ಟಿದ್ದುವು? ಹಾರಿಸುವ ಮೊದಲು ಅವನು ಎಷ್ಟು ಹೊತ್ತು ಕಾದನು? ಸತ್ತವನಿಗಾಗಿ ಯಾರು ಅತ್ತರು? ‘ಶೋಲೆ’ಯ ಜಯನು ಸತ್ತಾಗ ಗೆಳೆಯನು ಅಳುತ್ತಾನೆ, ಮನೆಯ ವಿಧವೆಯಾದ ಸೊಸೆಯು ಮಾತಿಲ್ಲದೆ ಕಿಟಕಿಯ ಬಾಗಿಲನ್ನು ಮುಚ್ಚಿಕೊಳ್ಳುತ್ತಾಳೆ. ‘ದೊಡ್ಡಮ್ಮ’ನ ದೃಶ್ಯಕ್ಕೆ ಈ ಮೂರನೆಯ ಪ್ರಶ್ನೆಯನ್ನು ಹಾಕಿದ ಹುಡುಗನು ತಾನಾಗಿಯೇ ಸುಮ್ಮನಾಗುವನು. ಆ ಮೌನವು ಹಿರಿಯರ ಹತ್ತು ಉಪದೇಶಗಳಿಗಿಂತ ಹೆಚ್ಚಿನ ಕೆಲಸವನ್ನು ಮಾಡುವುದು.