ಕೊಂಡ ಆಟದ ಕೀಲಿಕೈ ಯಾರ ಬಳಿ?

ಕಳೆದ ಬೇಸಿಗೆ ರಜೆಯಲ್ಲಿ ತೀರ್ಥಹಳ್ಳಿ ಸಮೀಪದ ನಮ್ಮ ಹಳೆಯ ಮನೆಗೆ ಹೋಗಿದ್ದಾಗ, ಅಟ್ಟದ ಮೇಲಿದ್ದ ಕಂಪ್ಯೂಟರೊಂದನ್ನು ನನ್ನ ಅಕ್ಕನ ಮಗ ಕೆಳಗಿಳಿಸಿದ. ನಾನು ಕಾಲೇಜು ದಿನಗಳಲ್ಲಿ ಬಳಸುತ್ತಿದ್ದ ಯಂತ್ರವದು. ಧೂಳು ಒರೆಸಿ, ವಿದ್ಯುತ್ ಸಂಪರ್ಕ ಕೊಟ್ಟು, ಜತೆಯಲ್ಲೇ ಕಟ್ಟಿಟ್ಟಿದ್ದ ಸಿ.ಡಿ.ಗಳಲ್ಲಿ ಒಂದನ್ನು ಹಾಕಿದೆವು. ಒಂದಷ್ಟು ಹೊತ್ತು ಗೊರಗೊರ ಸದ್ದು ಮಾಡಿದ ಮೇಲೆ ತೆರೆಯ ಮೇಲೆ ‘ರೋಡ್ ರ‍್ಯಾಶ್’ ಮೂಡಿತು. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಊರುಗಳ ಕಂಪ್ಯೂಟರ್ ಕೇಂದ್ರಗಳಲ್ಲಿ ಹುಡುಗರೆಲ್ಲ ಮುಗಿಬಿದ್ದು ಆಡುತ್ತಿದ್ದ ಬೈಕ್ ಓಟದ ಆಟ. ಆ ಮನೆಯಲ್ಲಿ ಇಂದಿಗೂ ಮೊಬೈಲ್ ಸಿಗ್ನಲ್ ಸಿಗಬೇಕೆಂದರೆ ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕು. ಆಟಕ್ಕೆ ಅದರ ಹಂಗಿರಲಿಲ್ಲ.

ಸಂಜೆಯವರೆಗೂ ಆಡಿದ ಹುಡುಗ ಕೊನೆಗೆ ಒಂದು ಪ್ರಶ್ನೆ ಕೇಳಿದ: ‘ಮಾಮ, ಈಗ ನಾನು ಕೊಂಡಿರುವ ಕಾರಿನ ಆಟ ಇಪ್ಪತ್ತು ವರ್ಷ ಆದಮೇಲೂ ಹೀಗೇ ನಡೆಯುತ್ತದೆಯೇ?’ ಒಂದು ವರ್ಷ ಕೂಡಿಟ್ಟ ಹಣದಿಂದ ಅವನು ಕೊಂಡ ಆಟವದು. ನಾನು ಹೌದು ಎನ್ನಲಾಗಲಿಲ್ಲ.

ಆ ಪ್ರಶ್ನೆಯ ಹಿಂದಿರುವ ಸಂಗತಿಯನ್ನು, ವಿಡಿಯೊ ಗೇಮ್ ಆಡದ ಓದುಗರಿಗಾಗಿ ತುಸು ವಿವರಿಸಬೇಕು. ಇಂದಿನ ಅನೇಕ ಕಾರು ಓಟದ ಆಟಗಳು ಆಟಗಾರ ಒಬ್ಬನೇ ಕುಳಿತು ಆಡುವಾಗಲೂ ಅಂತರ್ಜಾಲದ ಮೂಲಕ ಕಂಪನಿಯ ಸರ್ವರ್‌ನೊಂದಿಗೆ ಸಂಪರ್ಕದಲ್ಲಿರಬೇಕು. ಎದುರಾಳಿಗಳು ಬೇರೆ ಊರಿನ ಮನುಷ್ಯರಾಗಿದ್ದರೆ ಸಂಪರ್ಕ ಬೇಕೆಂಬುದು ಸಹಜ. ಆದರೆ ಎದುರಾಳಿಗಳೆಲ್ಲ ಯಂತ್ರವೇ ಓಡಿಸುವ ಕಾರುಗಳಾಗಿದ್ದು, ರಸ್ತೆ, ಕಾರು, ಕಥೆ ಎಲ್ಲವೂ ಮನೆಯ ಯಂತ್ರದಲ್ಲೇ ತುಂಬಿಕೊಂಡಿರುವಾಗಲೂ ಸಂಪರ್ಕ ಕಡ್ಡಾಯ. ಅದು ಕಡಿದರೆ ಆಟ ನಿಲ್ಲುತ್ತದೆ. ಕಂಪನಿ ಸರ್ವರ್ ಮುಚ್ಚಿದರೆ ಆಟ ಶಾಶ್ವತವಾಗಿ ನಿಲ್ಲುತ್ತದೆ.

ಇದು ಕಲ್ಪನೆಯ ಭೀತಿಯಲ್ಲ. 2022ರ ಮಾರ್ಚ್ 4ರಂದು ಸೋನಿ ಸಂಸ್ಥೆಯ ‘ಗ್ರಾನ್ ಟುರಿಸ್ಮೊ 7’ ಬಿಡುಗಡೆಯಾಯಿತು. ಜಪಾನಿನ ಪಾಲಿಫೊನಿ ಡಿಜಿಟಲ್ ರೂಪಿಸಿದ, ಕಾರುಗಳ ಬಗ್ಗೆ ಅಪಾರ ಪ್ರೀತಿಯಿಂದ ಕಟ್ಟಿದ ಆಟವದು. ಬಿಡುಗಡೆಯಾದ ಎರಡೇ ವಾರದಲ್ಲಿ ಒಂದು ಪರಿಷ್ಕರಣೆಯಲ್ಲಿ ದೋಷ ಕಾಣಿಸಿಕೊಂಡು ಸರ್ವರ್‌ಗಳನ್ನು ಸ್ಥಗಿತಗೊಳಿಸಬೇಕಾಯಿತು. ಮೂವತ್ತು ಗಂಟೆಗೂ ಹೆಚ್ಚು ಕಾಲ ಜಗತ್ತಿನಾದ್ಯಂತ ಜನ ತಮ್ಮ ಮನೆಯಲ್ಲೇ ಇದ್ದ, ಪೂರ್ಣ ಬೆಲೆ ತೆತ್ತು ಕೊಂಡಿದ್ದ ಆಟದ ಮುಖ್ಯ ಭಾಗವನ್ನು ಒಬ್ಬರೇ ಆಡಲೂ ಆಗದೆ ಕುಳಿತರು. ಆಗ ನಮ್ಮ ದೇಶದಲ್ಲಿ ಅದರ ಬೆಲೆ ಸುಮಾರು ಐದು ಸಾವಿರ ರೂಪಾಯಿಯಿತ್ತು. ಆಟದ ನಿರ್ಮಾತೃ ಕಜುನೊರಿ ಯಮಾವುಚಿ ಕ್ಷಮೆ ಕೋರಿದರು. ಆಟದೊಳಗಿನ ಹತ್ತು ಲಕ್ಷ ನಾಣ್ಯಗಳನ್ನು ಪರಿಹಾರವಾಗಿ ಕೊಟ್ಟರು. ಆದರೆ ಬೀಗ ಹಾಗೆಯೇ ಉಳಿಯಿತು.

ಗ್ರಾನ್ ಟುರಿಸ್ಮೊ ಒಂದೂವರೆ ದಿನದಲ್ಲಿ ಮರಳಿತು. ಮರಳದೇ ಹೋದದ್ದು ‘ದಿ ಕ್ರೂ’. ಫ್ರಾನ್ಸಿನ ಯೂಬಿಸಾಫ್ಟ್ ಸಂಸ್ಥೆ 2014ರ ಡಿಸೆಂಬರ್‌ನಲ್ಲಿ ಹೊರತಂದ ಈ ಆಟದಲ್ಲಿ ಇಡೀ ಅಮೆರಿಕವೇ ಕಿರಿದಾದ ರೂಪದಲ್ಲಿತ್ತು. ನ್ಯೂಯಾರ್ಕಿನಿಂದ ಹೊರಟು, ಬಯಲು, ಬೆಟ್ಟ, ಮರುಭೂಮಿ ದಾಟಿ ಲಾಸ್ ಏಂಜಲೀಸ್‌ವರೆಗೆ ಎಲ್ಲಿಯೂ ನಿಲ್ಲದೆ ಕಾರು ಓಡಿಸಬಹುದಿತ್ತು. ದಾರಿಯಲ್ಲಿ ಇತರ ಆಟಗಾರರು ಎದುರಾಗುತ್ತಿದ್ದರು ನಿಜ. ಆದರೆ ಡೆಟ್ರಾಯಿಟ್‌ನಿಂದ ಆರಂಭವಾಗುವ ಅದರ ಕಥೆಯನ್ನು ಒಬ್ಬನೇ ಆಡಿ ಮುಗಿಸಬಹುದಿತ್ತು. ದಿನವಿಡೀ ದುಡಿದು ಬಂದು, ರಾತ್ರಿ ಗೆಲ್ಲುವ ಹಂಬಲವೇನೂ ಇಲ್ಲದೆ ಆ ರಸ್ತೆಗಳಲ್ಲಿ ಸುಮ್ಮನೆ ಸುತ್ತಾಡಿ ಬರುತ್ತಿದ್ದವರೂ ಇದ್ದರು. 2023ರ ಡಿಸೆಂಬರ್‌ನಲ್ಲಿ ಕಂಪನಿ ಅದರ ಮಾರಾಟ ನಿಲ್ಲಿಸಿತು. 2024ರ ಮಾರ್ಚ್ 31ರಂದು ಸರ್ವರ್ ಮುಚ್ಚಿತು. ಅಂದಿನಿಂದ ಅಂಗಡಿಯಲ್ಲಿ ಕೊಂಡ ಡಿಸ್ಕ್ ಇದ್ದವರಿಗೂ ಆ ರಸ್ತೆಗಳಿಲ್ಲ. ಸಾಲದೆಂಬಂತೆ, ಕೆಲವೇ ದಿನಗಳಲ್ಲಿ ಆಟಗಾರರ ಖಾತೆಗಳಿಂದ ಆಟದ ಪರವಾನಗಿಯನ್ನೂ ಹಿಂತೆಗೆದುಕೊಳ್ಳಲಾಯಿತು. ಆಟ ತೆರೆಯಲು ಹೋದವರಿಗೆ, ನಿಮಗೆ ಇದರ ಪ್ರವೇಶವಿಲ್ಲ, ಮಳಿಗೆಯಲ್ಲಿ ಬೇರೇನಾದರೂ ನೋಡಿ ಎಂಬರ್ಥದ ಸಂದೇಶ ಕಾಣಿಸಿತು. ಮುಚ್ಚುವುದಕ್ಕೆ ಸ್ವಲ್ಪ ಮುಂಚೆ ಕೊಂಡವರಿಗಷ್ಟೇ ಹಣ ಮರಳಿಸುವ ಅವಕಾಶ ಸಿಕ್ಕಿತು.

ಕಂಪನಿಗಳ ವಾದವನ್ನೂ ಕೇಳಬೇಕು. ಸರ್ವರ್ ನಡೆಸಲು ಹಣ ಬೇಕು, ಆಡುವವರು ಕಡಿಮೆಯಾದ ಮೇಲೂ ಅನಂತಕಾಲ ಅದನ್ನು ನಡೆಸೆಂದು ಯಾವ ವ್ಯಾಪಾರಿಗೂ ಹೇಳಲಾಗದು. ಇದು ನ್ಯಾಯವಾದ ಮಾತು. ಕಾರು ಓಟದ ಆಟಗಳಲ್ಲಿ ಫೆರಾರಿ, ಫೋರ್ಡ್ ಮೊದಲಾದ ತಯಾರಕರ ಹೆಸರು ಮತ್ತು ವಿನ್ಯಾಸಗಳನ್ನು ಬಳಸಲು ಒಪ್ಪಂದ ಬೇಕು. ಅದರ ಅವಧಿ ಮುಗಿಯುತ್ತದೆ ಎಂಬುದು ಎರಡನೆಯ ವಾದ. ಆಟಗಾರರು ತಮ್ಮ ದಾಖಲೆಗಳನ್ನು ತಿದ್ದಿ ಮೋಸ ಮಾಡುವುದನ್ನು ತಡೆಯಲು ಸಂಪರ್ಕ ಬೇಕು ಎಂಬುದು ಮೂರನೆಯದು. ಯಮಾವುಚಿ ಅವರೂ ಈ ಕಾರಣವನ್ನೇ ಕೊಟ್ಟಿದ್ದರು.

ಮೂರನೆಯ ವಾದವನ್ನು ಮೊದಲು ನೋಡೋಣ. ತನ್ನ ಮನೆಯಲ್ಲಿ, ಯಂತ್ರದ ವಿರುದ್ಧ, ಒಬ್ಬನೇ ಆಡುವವನು ಮೋಸ ಮಾಡಿದರೆ ಮೋಸಹೋಗುವವರು ಯಾರು? ಇಸ್ಪೀಟಿನಲ್ಲಿ ಒಬ್ಬನೇ ಕುಳಿತು ಪೇಷನ್ಸ್ ಆಡುವವನ ಹಿಂದೆ ಪೊಲೀಸರನ್ನು ನಿಲ್ಲಿಸಿದಂತಾಯಿತು. ನಿಜ ಸಂಗತಿಯೆಂದರೆ, ಆಟದೊಳಗಿನ ನಾಣ್ಯಗಳನ್ನು ಈಗ ಅಸಲಿ ಹಣಕ್ಕೂ ಮಾರಲಾಗುತ್ತಿದೆ. ಗ್ರಾನ್ ಟುರಿಸ್ಮೊದಲ್ಲಿ ದುಬಾರಿ ಕಾರು ಬೇಕೆಂದರೆ ಗಂಟೆಗಟ್ಟಲೆ ಓಡಿ ನಾಣ್ಯ ಗಳಿಸಬೇಕು, ಇಲ್ಲವೇ ಕಾಸು ಕೊಟ್ಟು ನಾಣ್ಯ ಕೊಳ್ಳಬೇಕು. ದಾಖಲೆ ಆಟಗಾರನ ಮನೆಯಲ್ಲಿದ್ದರೆ ಈ ಅಂಗಡಿಯ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಹಾಗಾಗಿ ಕಾವಲು ಯಾವುದಕ್ಕೆ ಎಂಬುದು ಊಹಿಸಲಾಗದ ಸಂಗತಿಯೇನಲ್ಲ.

ಎರಡನೆಯ ವಾದಕ್ಕೆ ಉದ್ಯಮದಲ್ಲೇ ಉತ್ತರವಿದೆ. ಮೈಕ್ರೊಸಾಫ್ಟ್‌ನ ‘ಫೋರ್ಝಾ ಹೊರೈಝನ್ 4’ ಆಟದ ಮಾರಾಟ 2024ರ ಡಿಸೆಂಬರ್ 15ರಂದು ನಿಂತಿತು. ಕಾರಣ ಅದೇ, ಒಪ್ಪಂದಗಳ ಅವಧಿ. ಆದರೆ ಅದಾಗಲೇ ಕೊಂಡಿದ್ದವರ ಆಟ ನಿಲ್ಲಲಿಲ್ಲ. ಹೊಸದಾಗಿ ಮಾರುವ ಹಕ್ಕು ಮುಗಿಯುವುದು ಬೇರೆ, ಮಾರಿದ್ದನ್ನು ಕಿತ್ತುಕೊಳ್ಳುವುದು ಬೇರೆ. ಪುಸ್ತಕದ ಮರುಮುದ್ರಣ ನಿಂತಿತೆಂದು ಪ್ರಕಾಶಕರು ನಮ್ಮ ಕಪಾಟಿಗೆ ಕೈಹಾಕುವುದಿಲ್ಲವಲ್ಲ.

ಇನ್ನು ಮೊದಲ ವಾದ, ಸರ್ವರ್ ಖರ್ಚು. ಸರ್ವರನ್ನು ಸದಾಕಾಲ ನಡೆಸಿ ಎಂದು ವಿವೇಕಿಗಳಾರೂ ಕೇಳುತ್ತಿಲ್ಲ. ಮುಚ್ಚಿ ಹೋಗುವಾಗ ಕೀಲಿಕೈಯನ್ನು ಮನೆಯವರಿಗೆ ಕೊಟ್ಟು ಹೋಗಿ ಎಂಬುದಷ್ಟೇ ಬೇಡಿಕೆ. ಇದು ಸಾಧ್ಯವೆಂಬುದನ್ನು ತೋರಿಸಿದ್ದು ಅದೇ ಪಾಲಿಫೊನಿ ಡಿಜಿಟಲ್. 2017ರಲ್ಲಿ ಬಂದ ‘ಗ್ರಾನ್ ಟುರಿಸ್ಮೊ ಸ್ಪೋರ್ಟ್’ ಆಟಕ್ಕೂ ಇಂತಹುದೇ ಬೀಗವಿತ್ತು. 2024ರ ಜನವರಿ 31ರಂದು ಅದರ ಅಂತರ್ಜಾಲ ಸೇವೆ ಮುಗಿಯುವ ಮುನ್ನ ಸಂಸ್ಥೆ ಒಂದು ಕೊನೆಯ ಪರಿಷ್ಕರಣೆ ಕೊಟ್ಟಿತು. ಆಟಗಾರನ ಪ್ರಗತಿ ಆತನ ಯಂತ್ರದಲ್ಲೇ ಉಳಿಯುವಂತಾಯಿತು. ಒಬ್ಬನೇ ಆಡುವ ಭಾಗ ಸಂಪರ್ಕವಿಲ್ಲದೆ ನಡೆಯತೊಡಗಿತು. ಜನರ ಆಕ್ರೋಶದ ನಂತರ ಯೂಬಿಸಾಫ್ಟ್ ಕೂಡ ಪಾಠ ಕಲಿತಂತಿದೆ. ‘ದಿ ಕ್ರೂ 2’ ಆಟಕ್ಕೆ ಸಂಪರ್ಕವಿಲ್ಲದೆ ಆಡುವ ವ್ಯವಸ್ಥೆಯನ್ನು 2025ರ ಅಕ್ಟೋಬರ್‌ನಲ್ಲಿ ಒದಗಿಸಿತು. ಅದಕ್ಕೂ ಒಂದು ತಿಂಗಳ ಮುಂಚೆ, ಅಭಿಮಾನಿಗಳ ಗುಂಪೊಂದು ಬದಲಿ ಸರ್ವರ್ ತಂತ್ರಾಂಶ ರೂಪಿಸಿ, ಮೂಲ ‘ದಿ ಕ್ರೂ’ ಆಟವನ್ನು ಕಂಪ್ಯೂಟರ್‌ಗಳಲ್ಲಿ ಮತ್ತೆ ಓಡುವಂತೆ ಮಾಡಿತು. ಹವ್ಯಾಸಿಗಳಿಗೆ ಸಾಧ್ಯವಾದದ್ದು ನಿರ್ಮಾತೃಗಳಿಗೆ ಅಸಾಧ್ಯವೆಂದರೆ ನಂಬುವುದು ಹೇಗೆ?

ಅಸಲಿ ತಕರಾರು ತಂತ್ರಜ್ಞಾನದ್ದಲ್ಲ, ಒಡೆತನದ್ದು. 2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಇಬ್ಬರು ಆಟಗಾರರು ಯೂಬಿಸಾಫ್ಟ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ನೀವು ಕೊಂಡದ್ದು ಆಟವನ್ನಲ್ಲ, ಆಡಲು ಸೀಮಿತ ಪರವಾನಗಿಯನ್ನು ಮಾತ್ರ ಎಂದು ಕಂಪನಿ ಪ್ರತಿವಾದ ಹೂಡಿತು. ಡಬ್ಬಿಯೊಳಗಿನ ಕೋಡ್ 2099ರವರೆಗೆ ಚಾಲ್ತಿಯಲ್ಲಿರುತ್ತದೆಂದು ನಮೂದಾಗಿತ್ತು ಎಂದು ಫಿರ್ಯಾದಿಗಳು ತೋರಿಸಿದರು. ಕಾನೂನಿನ ಸೂಕ್ಷ್ಮಗಳನ್ನು ನ್ಯಾಯಾಧೀಶರು ನೋಡಿಕೊಳ್ಳಲಿ. ಸಾಮಾನ್ಯ ಗ್ರಾಹಕನ ಪ್ರಶ್ನೆ ಸರಳವಾದದ್ದು: ಮಾರುವಾಗ ‘ಕೊಳ್ಳಿರಿ’ ಎಂದವರು, ಮುಚ್ಚುವಾಗ ‘ಬಾಡಿಗೆಗೆ ಕೊಟ್ಟಿದ್ದೆವು’ ಎನ್ನಬಹುದೇ? ಬಾಡಿಗೆಯಾದರೆ ಅವಧಿ ಎಷ್ಟೆಂದು ಮೊದಲೇ ಹೇಳಬೇಡವೇ?

ಈ ಪ್ರಶ್ನೆಗೆ ಕೆಲವು ದೇಶಗಳು ಕಿವಿಗೊಟ್ಟಿವೆ. 2025ರ ಜನವರಿ 1ರಿಂದ ಕ್ಯಾಲಿಫೋರ್ನಿಯದಲ್ಲಿ ಜಾರಿಗೆ ಬಂದ ಕಾನೂನಿನ ಪ್ರಕಾರ, ಮಾರುತ್ತಿರುವುದು ಹಿಂತೆಗೆದುಕೊಳ್ಳಬಹುದಾದ ಪರವಾನಗಿ ಎಂಬುದನ್ನು ಸ್ಪಷ್ಟಪಡಿಸದೆ ಡಿಜಿಟಲ್ ಸರಕಿನ ಮೇಲೆ ‘ಕೊಳ್ಳಿರಿ’ ಎಂಬ ಪದ ಹಾಕುವಂತಿಲ್ಲ. ಅಂತರ್ಜಾಲದಲ್ಲಿ ವಿಡಿಯೊ ಮಾಡುವ ರಾಸ್ ಸ್ಕಾಟ್ ಎಂಬಾತ ‘ದಿ ಕ್ರೂ’ ಮುಚ್ಚಿದ ಬೆನ್ನಲ್ಲೇ ಆರಂಭಿಸಿದ ಚಳವಳಿ ಐರೋಪ್ಯ ಒಕ್ಕೂಟದಲ್ಲಿ ನಾಗರಿಕರ ಅಧಿಕೃತ ಮನವಿಯ ರೂಪ ತಳೆದು, 2025ರ ಜುಲೈ ಅಂತ್ಯಕ್ಕೆ 14 ಲಕ್ಷಕ್ಕೂ ಹೆಚ್ಚು ಸಹಿ ಗಳಿಸಿತು. ಬ್ರಿಟನ್ನಿನ ಸಂಸತ್ತಿನಲ್ಲೂ 2025ರ ನವೆಂಬರ್ 3ರಂದು ಈ ಬಗ್ಗೆ ಚರ್ಚೆಯಾಯಿತು. ಅಲ್ಲಿನ ಸರ್ಕಾರ ಕಾನೂನು ತಿದ್ದುವ ಉತ್ಸಾಹ ತೋರಲಿಲ್ಲ.

ನಮ್ಮಲ್ಲಿ? 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಕಾಯ್ದೆಯನ್ನೇ ಮಾಡಿತು. ಹಣ ಪಣಕ್ಕಿಡುವ ಆಟಗಳನ್ನು ಅದು ನಿಷೇಧಿಸಿತು. ಜೂಜು ಮನೆ ಮುರಿಯುವುದನ್ನು ಕಂಡವರಾರೂ ಆ ಉದ್ದೇಶವನ್ನು ಆಕ್ಷೇಪಿಸಲಾರರು. ಆದರೆ ಹಣ ಕೊಟ್ಟು ಆಟ ಕೊಂಡ ಪ್ರಾಮಾಣಿಕ ಗ್ರಾಹಕನ ಹಕ್ಕು ಆ ಕಾಯ್ದೆಯ ಕಾಳಜಿಯಾಗಲಿಲ್ಲ. ಹಾಗೆಂದು ನಾವು ಬರಿಗೈಯಲ್ಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ‘ಅನ್ಯಾಯದ ಒಪ್ಪಂದ’ ಎಂಬ ಪರಿಕಲ್ಪನೆಯನ್ನು ತಂದಿದೆ. ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಒಪ್ಪಂದ ಮುರಿಯಲು ಒಬ್ಬರಿಗೇ ಅಧಿಕಾರ ಕೊಡುವ ಷರತ್ತನ್ನು ಅದು ಆ ಪಟ್ಟಿಗೆ ಸೇರಿಸಿದೆ. ಗ್ರಾಹಕರನ್ನು ದಾರಿ ತಪ್ಪಿಸುವ ಜಾಲತಾಣ ವಿನ್ಯಾಸಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಪರವಾನಗಿಯನ್ನು ‘ಕೊಳ್ಳಿರಿ’ ಎಂದು ಮಾರುವುದೂ ದಾರಿ ತಪ್ಪಿಸುವಿಕೆಯೇ ಎಂದು ಪ್ರಾಧಿಕಾರ ಪರಿಗಣಿಸಲು ಅಡ್ಡಿಯಿರಬಾರದು.

ಇದು ದೂರದ ದೇಶಗಳ ಶೋಕಿಯ ಜಗಳ ಎಂದು ತಳ್ಳಿಹಾಕುವವರು ಒಂದು ಸಂಗತಿ ಗಮನಿಸಬೇಕು. 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಫೋರ್ಝಾ ಸರಣಿಯ ಆಟಗಳಿಗೆ ಕೆಲಸ ಮಾಡಿದ್ದಾರೆ. ಈ ಉದ್ಯಮವನ್ನು ಬೆಳೆಸಲೆಂದೇ ರಾಜ್ಯ ಸರ್ಕಾರ ಪ್ರತ್ಯೇಕ ನೀತಿ ರೂಪಿಸಿದೆ. ಒಂದು ಕಾರಿನ ಹೊಳಪನ್ನು, ಒಂದು ತಿರುವಿನ ನೆರಳನ್ನು ತಿಂಗಳುಗಟ್ಟಲೆ ತಿದ್ದಿದ ಕೈಗಳು ನಮ್ಮ ನಡುವೆಯೂ ಇವೆ. ಸರ್ವರ್ ಮುಚ್ಚಿದಾಗ ಅಳಿಯುವುದು ಆಡಿದವರ ಹಣ ಮಾತ್ರವಲ್ಲ, ಮಾಡಿದವರ ದುಡಿಮೆಯೂ ಹೌದು. ನಾನು ಮಾಡಿದ್ದು ಇದು ಎಂದು ತನ್ನ ಮಗಳಿಗೆ ತೋರಿಸಲೂ ಆ ಕಲಾವಿದನ ಬಳಿ ಏನೂ ಉಳಿದಿರುವುದಿಲ್ಲ.

ಆದ್ದರಿಂದ ಮೂರು ಸಣ್ಣ ಸುಧಾರಣೆಗಳಾಗಬೇಕು. ಸಂಪರ್ಕ ಕಡ್ಡಾಯವಾದ ಆಟದ ಮೇಲೆ, ಕನಿಷ್ಠ ಯಾವ ದಿನಾಂಕದವರೆಗೆ ಸೇವೆ ಖಚಿತ ಎಂಬುದನ್ನು ಔಷಧದ ಪಟ್ಟಿಯ ಮೇಲಿರುವಂತೆ ಮುದ್ರಿಸಬೇಕು. ಒಬ್ಬರೇ ಆಡುವ ಭಾಗವನ್ನು, ಸರ್ವರ್ ಮುಚ್ಚುವ ಮೊದಲು ಸಂಪರ್ಕವಿಲ್ಲದೆ ನಡೆಯುವಂತೆ ಮಾಡಿಕೊಡಬೇಕು. ಅದನ್ನು ಮಾಡದ ಕಂಪನಿ, ಅಭಿಮಾನಿಗಳು ಸ್ವಂತ ಖರ್ಚಿನಲ್ಲಿ ಆಟ ಉಳಿಸಿಕೊಳ್ಳುವುದಕ್ಕೆ ಅಡ್ಡಬರಬಾರದು. ಇವುಗಳಲ್ಲಿ ಯಾವುದೂ ಉದ್ಯಮವನ್ನು ಮುಳುಗಿಸುವ ಬೇಡಿಕೆಯಲ್ಲ.

ಊರಿನಿಂದ ಹೊರಡುವ ದಿನ ಅಕ್ಕನ ಮಗ ಆ ಹಳೆಯ ಸಿ.ಡಿ.ಯನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಚೀಲಕ್ಕೆ ಸೇರಿಸಿಕೊಂಡ. ಅದು ನನ್ನದಾಗಿತ್ತು, ಈಗ ಅವನದಾಯಿತು. ಯಾವ ಕಂಪನಿಯ ಅಪ್ಪಣೆಯೂ ಬೇಕಾಗಲಿಲ್ಲ. ಐದು ಸಾವಿರ ತೆತ್ತು ಕೊಂಡ ವಸ್ತುವಿನ ಬಗ್ಗೆಯೂ ಅವನು ಇಷ್ಟೇ ನಿಶ್ಚಿಂತೆಯಿಂದ ‘ಇದು ನನ್ನದು’ ಎನ್ನುವಂತಾಗಬೇಕು. ಆ ಒಂದು ಮಾತಿಗೆ ಅರ್ಥ ಉಳಿಸಿಕೊಡುವುದು ಗ್ರಾಹಕ ಕಾನೂನಿನ ಕನಿಷ್ಠ ಕರ್ತವ್ಯ.